ಯಾರನ್ನು ನೋಡಬೇಕು? ಲಿವರ್ ಕ್ಯಾನ್ಸರ್ ಹುಡುಕಾಟದ ಅರವತ್ತು ವರ್ಷ

ಕಳೆದ ವರ್ಷ ಪುಣೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಮುಕ್ಕಾಲು ಗಂಟೆ ಎಂಆರ್‌ಐ ಯಂತ್ರದ ಕೊಳವೆಯೊಳಗೆ ಅಂಗಾತ ಮಲಗಿದ್ದೆ. ಹೆಡ್‌ಫೋನಿನಲ್ಲಿ ಒಂದು ಹೆಣ್ಣುದನಿ ಹಿಂದಿಯಲ್ಲಿ ಹೇಳಿದ್ದನ್ನೇ ಹೇಳುತ್ತಿತ್ತು: ಉಸಿರು ಎಳೆದುಕೊಳ್ಳಿ, ಬಿಡಿ, ಈಗ ತಡೆದುಕೊಳ್ಳಿ. ತಡೆದುಕೊಂಡ ಸುಮಾರು ಇಪ್ಪತ್ತು ಸೆಕೆಂಡು ಯಂತ್ರ ಕಮ್ಮಾರಸಾಲೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಮತ್ತೆ ಉಸಿರು. ಅದಕ್ಕೆ ಎರಡು ವಾರ ಮೊದಲು, ಆರು ತಿಂಗಳಿಗೊಮ್ಮೆ ಮಾಡಿಸುವ ಅಲ್ಟ್ರಾಸೌಂಡ್‌ನಲ್ಲಿ ನನ್ನ ಲಿವರಿನ ಬಲಭಾಗದಲ್ಲಿ 1.4 ಸೆಂಟಿಮೀಟರಿನ ಒಂದು ಚುಕ್ಕೆ ಕಂಡಿತ್ತು.

ಒಳಗೆ ಕಳಿಸುವ ಮೊದಲು ತುಂಬಿಸಿಕೊಂಡ ಫಾರ್ಮಿನಲ್ಲಿ ಎರಡು ಪ್ರಶ್ನೆಗಳಿದ್ದವು. ಹೆಪಟೈಟಿಸ್ ಬಿ ಇದೆಯೇ? ಇದೆ. ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿತ್ತೇ? ಆಗಿತ್ತು, ಅಣ್ಣನಿಗೆ. ಇಂಥ ಉತ್ತರಗಳನ್ನು ಪಕ್ಕದಲ್ಲಿ ಇಟ್ಟುಕೊಂಡೇ ಒಳಗಿನ ಚಿತ್ರವನ್ನು ಓದುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ವರದಿ ಬರಲು ಮೂರು ದಿನ ಹಿಡಿಯಿತು. ಆ ಮೂರು ರಾತ್ರಿ ನಿದ್ದೆ ಬಾರದೆ ಓದಿದೆ. ಎಂಟೆಕ್ ಮಾಡಿದವನು, ಯಂತ್ರದ ಕಥೆ ತಿಳಿದರೆ ಹೆದರಿಕೆ ಸ್ವಲ್ಪ ಇಳಿದೀತು ಅಂದುಕೊಂಡು ಶುರು ಮಾಡಿದೆ. ಓದುತ್ತಾ ಹೋದ ಹಾಗೆ ತಿಳಿದದ್ದು ಇಷ್ಟು: ಈ ಇತಿಹಾಸದಲ್ಲಿ ಯಂತ್ರ ಬರುವುದು ಅರ್ಧ ದಾರಿ ಸಾಗಿದ ಮೇಲೆ. ಅದಕ್ಕೆ ಮೊದಲಿನದೆಲ್ಲ ಒಂದೇ ಪ್ರಶ್ನೆಯ ಕಥೆ. ಕೋಟಿಗಟ್ಟಲೆ ಜನರಲ್ಲಿ ಯಾರನ್ನು ನೋಡಬೇಕು?

ನೋವು ಹೇಳದ ಅಂಗ

ಪುಸ್ತಕಗಳಲ್ಲಿ ಯಕೃತ್ತು, ಪಿತ್ತಜನಕಾಂಗ ಎಂದೆಲ್ಲ ಬರೆದರೂ ನಾವು ಆಡುವ ಮಾತಿನಲ್ಲಿ ಅದು ಲಿವರ್. ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗದ ಒಳತಿರುಳಿಗೆ ನೋವು ತಿಳಿಯುವುದಿಲ್ಲ. ಮೇಲೆ ಹೊದ್ದಿರುವ ತೆಳುವಾದ ಪೊರೆ ಎಳೆದಾಗ ಮಾತ್ರ ನೋವು. ಅಂದರೆ ಗಡ್ಡೆ ದೊಡ್ಡದಾಗಿ ಪೊರೆಯನ್ನು ಒತ್ತುವ ತನಕ ಮನುಷ್ಯನಿಗೆ ಸುಳಿವೇ ಇರುವುದಿಲ್ಲ. ಕಾಲುಭಾಗ ಉಳಿದರೂ ಲಿವರ್ ತನ್ನ ಕೆಲಸ ನಡೆಸಿಕೊಂಡು ಹೋಗಬಲ್ಲದು. ಆ ತಾಳಿಕೆಯೇ ಇಲ್ಲಿ ಶತ್ರು. ಹೊಟ್ಟೆನೋವು, ಕಾಮಾಲೆ, ಹೊಟ್ಟೆಯಲ್ಲಿ ನೀರು ಎಂದು ಡಾಕ್ಟರ ಬಳಿ ಹೋಗುವ ಹೊತ್ತಿಗೆ ಬಹಳ ಸಲ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆದರೆ ಈ ಕ್ಯಾನ್ಸರಿಗೆ ಇನ್ನೊಂದು ಗುಣವಿದೆ. ಅದು ಸಾಮಾನ್ಯವಾಗಿ ಆರೋಗ್ಯವಾಗಿರುವ ಲಿವರಿನಲ್ಲಿ ದಿಢೀರನೆ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಕುಡಿತ, ಈಚೆಗೆ ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್: ಇವು ವರ್ಷಗಟ್ಟಲೆ ಲಿವರನ್ನು ಗಾಯ ಮಾಡಿ, ಗಾಯ ಮಾಯ್ದು ಗಂಟುಗಂಟಾಗಿ ಸಿರೋಸಿಸ್ ಆಗಿ, ಆ ನೆಲದಲ್ಲಿ ಕ್ಯಾನ್ಸರ್ ಮೊಳೆಯುವುದೇ ಹೆಚ್ಚು. ಹೆಪಟೈಟಿಸ್ ಬಿ ಮಾತ್ರ ಕೆಲವೊಮ್ಮೆ ಸಿರೋಸಿಸ್ ಇಲ್ಲದೆಯೂ ಅಲ್ಲಿಗೆ ತಲುಪಿಸುತ್ತದೆ. ಆದ್ದರಿಂದ ಯಾರಿಗೆ ಬರಬಹುದು ಎಂದು ಹತ್ತಿಪ್ಪತ್ತು ವರ್ಷ ಮೊದಲೇ ಹೇಳಬಹುದಾದ ಕೆಲವೇ ಕ್ಯಾನ್ಸರುಗಳಲ್ಲಿ ಇದೂ ಒಂದು. ಇದು ತಿಳಿಯಲು ಬೇಕಾದ ಎರಡು ಸುಳಿವುಗಳು ಸಿಕ್ಕಿದ್ದು 1960ರ ದಶಕದಲ್ಲಿ. ಅವು ಸಿಕ್ಕ ಬಗೆಯೂ ವಿಚಿತ್ರ.

ಇಲಿಯ ರಕ್ತ, ಆಸ್ಟ್ರೇಲಿಯಾದ ರಕ್ತ

1963ರಲ್ಲಿ ಮಾಸ್ಕೋದ ಗರಿ ಅಬೆಲೆವ್ ಮತ್ತು ಸಂಗಡಿಗರು ಲಿವರ್ ಕ್ಯಾನ್ಸರ್ ಇದ್ದ ಇಲಿಗಳ ರಕ್ತದಲ್ಲಿ ಇರಬಾರದ ಒಂದು ಪ್ರೋಟೀನನ್ನು ಕಂಡರು. ತಾಯಿಯ ಹೊಟ್ಟೆಯಲ್ಲಿರುವ ಮರಿಯ ಲಿವರ್ ಅದನ್ನು ತಯಾರಿಸುತ್ತದೆ; ಹುಟ್ಟಿದ ಮೇಲೆ ಆ ಕೆಲಸ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಬೆಳೆದ ಇಲಿಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತೆಂದರೆ, ಕ್ಯಾನ್ಸರ್ ಜೀವಕೋಶ ತನ್ನ ಹಸುಗೂಸಿನ ಅಭ್ಯಾಸಕ್ಕೆ ಮರಳಿದೆ ಎಂದರ್ಥ. ಮರುವರ್ಷವೇ ಸೋವಿಯತ್ ಒಕ್ಕೂಟದ ಇನ್ನೊಬ್ಬ ವಿಜ್ಞಾನಿ ಯೂರಿ ತತಾರಿನೋವ್ ಅದನ್ನು ಲಿವರ್ ಕ್ಯಾನ್ಸರ್ ಇದ್ದ ಮನುಷ್ಯರ ರಕ್ತದಲ್ಲೂ ತೋರಿಸಿದರು. ಇವತ್ತು ಲ್ಯಾಬ್ ವರದಿಯಲ್ಲಿ ಎಎಫ್‌ಪಿ ಎಂದು ಕಾಣುವ ಆಲ್ಫಾ ಫೀಟೋಪ್ರೋಟೀನ್ ಅದೇ. ಒಂದು ತೊಟ್ಟು ರಕ್ತದಿಂದ ಒಳಗಿನ ಗಡ್ಡೆಯ ಸುದ್ದಿ ತಿಳಿಯಬಹುದು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ. ಆಸೆ ಪೂರ್ತಿ ಕೈಗೂಡಲಿಲ್ಲ: ಚಿಕ್ಕ ಗಡ್ಡೆಗಳು ಬಹಳ ಸಲ ಈ ಪ್ರೋಟೀನನ್ನು ಹೊರಬಿಡುವುದಿಲ್ಲ, ಕ್ಯಾನ್ಸರ್ ಇಲ್ಲದಿದ್ದರೂ ಲಿವರ್ ಊದಿಕೊಂಡಾಗ ಅದು ಏರುತ್ತದೆ.

ಎರಡನೆಯ ಸುಳಿವು ಸಿಕ್ಕಿದ್ದು ಅದನ್ನು ಹುಡುಕದವರಿಗೆ. ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ದೇಶದೇಶಗಳ ಜನರ ರಕ್ತದಲ್ಲಿನ ಪ್ರೋಟೀನುಗಳು ಹೇಗೆ ಬೇರೆಬೇರೆಯಾಗಿವೆ ಎಂದು ನೋಡುತ್ತಿದ್ದರು. ಪದೇಪದೇ ಬೇರೆಯವರ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರ ಸೀರಂ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದ ಮಾದರಿಯೊಂದಿಗೆ ಸೇರಿದಾಗ ಒಂದು ಗೆರೆ ಮೂಡಿತು. ಏನೆಂದು ತಿಳಿಯದೆ ಅದಕ್ಕೆ 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂಬುದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು. 1976ರಲ್ಲಿ ಬ್ಲೂಮ್‌ಬರ್ಗ್ ಅವರಿಗೆ ನೊಬೆಲ್ ಬಂತು. ಪ್ರತಿವರ್ಷ ಜುಲೈ 28ರಂದು ಆಚರಿಸುವ ವಿಶ್ವ ಹೆಪಟೈಟಿಸ್ ದಿನ ಅವರ ಹುಟ್ಟುಹಬ್ಬ. ರಕ್ತದಾನ ಮಾಡಿದಾಗಲೆಲ್ಲ ನಮ್ಮ ರಕ್ತದಲ್ಲಿ ಹುಡುಕುವುದು ಆ ಆಂಟಿಜೆನ್ನನ್ನೇ.

ತೈವಾನಿನ ಸರ್ಕಾರಿ ನೌಕರರು

ಹೆಪಟೈಟಿಸ್ ಬಿ ಇರುವವರಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚು ಎಂಬ ಅನುಮಾನ ಆಗಲೇ ಇತ್ತು. ಆದರೆ ಕ್ಯಾನ್ಸರ್ ಬಂದವರ ರಕ್ತ ನೋಡಿ ವೈರಸ್ ಇದೆ ಎಂದರೆ ಸಾಲದು. ಕ್ಯಾನ್ಸರಿನಿಂದ ದುರ್ಬಲನಾದವನಿಗೆ ವೈರಸ್ ಆಮೇಲೆ ತಗುಲಿರಬಹುದಲ್ಲ? ಯಾವುದು ಮೊದಲು ಎಂದು ತಿಳಿಯಲು ಇರುವುದು ಒಂದೇ ದಾರಿ. ಆರೋಗ್ಯವಾಗಿರುವವರ ಪಟ್ಟಿ ಮಾಡಿ, ರಕ್ತ ನೋಡಿ, ವರ್ಷಗಟ್ಟಲೆ ಕಾಯಬೇಕು.

ಅಮೆರಿಕದ ಪಾಮರ್ ಬೀಸ್ಲಿ ತೈವಾನಿನಲ್ಲಿ ಅದನ್ನು ಮಾಡಿದರು. 1970ರ ದಶಕದ ನಡುವಿನಲ್ಲಿ 22,707 ಗಂಡಸರನ್ನು ಪಟ್ಟಿಗೆ ಸೇರಿಸಿಕೊಂಡರು. ಅವರೆಲ್ಲ ಸರ್ಕಾರಿ ನೌಕರರು, ವಿಮೆ ಇದ್ದವರು. ಯಾರು ತೀರಿಕೊಂಡರೂ ಯಾವ ಕಾರಣಕ್ಕೆ ಎಂಬುದು ದಾಖಲೆಯಲ್ಲಿ ಸಿಗುತ್ತಿತ್ತು. 3,454 ಮಂದಿಯ ರಕ್ತದಲ್ಲಿ ವೈರಸ್ ಇತ್ತು, 19,253 ಮಂದಿಯಲ್ಲಿ ಇರಲಿಲ್ಲ. 1981ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಒಟ್ಟು 41 ಲಿವರ್ ಕ್ಯಾನ್ಸರುಗಳಿದ್ದವು. ಅದರಲ್ಲಿ 40 ವೈರಸ್ ಇದ್ದವರ ಗುಂಪಿನಲ್ಲಿ. ಉಳಿದ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಒಂದೇ ಒಂದು. ಅಪಾಯ 223 ಪಟ್ಟು.

ನಮ್ಮ ಕೆಲಸದಲ್ಲಿ ರಿಸ್ಕ್ ರಿಜಿಸ್ಟರ್ ಎಂದು ಒಂದು ಇರುತ್ತದೆ. ಪ್ರಾಜೆಕ್ಟ್ ಎಲ್ಲಿ ಮುರಿದು ಬೀಳಬಹುದು ಎಂದು ಮೊದಲೇ ಬರೆದಿಟ್ಟುಕೊಳ್ಳುವ ಪಟ್ಟಿ. ಇಪ್ಪತ್ತು ವರ್ಷದಲ್ಲಿ ಅಂಥ ಎಷ್ಟೋ ಪಟ್ಟಿ ಮಾಡಿದ್ದೇನೆ. 40ಕ್ಕೆ 1 ಎಂಬಷ್ಟು ಸ್ಪಷ್ಟವಾಗಿ ಎರಡು ಸಾಲು ಬೇರೆಯಾದ ಪಟ್ಟಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಈ ವೈರಸ್ ತಾಯಿಯಿಂದ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ ಹೇಗೆ ದಾಟುತ್ತದೆ ಎಂಬುದನ್ನು ತೋರಿಸಿದವರಲ್ಲೂ ಬೀಸ್ಲಿ ಮತ್ತು ಅವರ ಸಂಗಡಿಗರಿದ್ದರು. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಯ ದೇಹ ಅದನ್ನು ಹೊರಹಾಕುತ್ತದೆ. ಹುಟ್ಟುವಾಗಲೇ ತಗುಲಿದರೆ ಸುಮಾರು ತೊಂಬತ್ತು ಮಂದಿಯಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ತೈವಾನ್ 1984ರಲ್ಲಿ ವೈರಸ್ ಇದ್ದ ತಾಯಂದಿರ ಕೂಸುಗಳಿಗೆ, ಆಮೇಲೆ ಎಲ್ಲ ಕೂಸುಗಳಿಗೂ ಲಸಿಕೆ ಹಾಕಲು ಶುರು ಮಾಡಿತು. 1997ರ ಹೊತ್ತಿಗೆ ಅಲ್ಲಿನ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂಬ ವರದಿ ಬಂತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದದ್ದಕ್ಕೆ ಅದೇ ಮೊದಲ ಪುರಾವೆ.

ರೈಲಿನ ಲೆಕ್ಕ

ಲಸಿಕೆ ಬರುವ ಮೊದಲು ಹುಟ್ಟಿದವರ ಗತಿ? ಅವರನ್ನು ನೋಡುತ್ತಲೇ ಇರಬೇಕು. ಚೀನಾದ ಯಾಂಗ್‌ಟ್ಸೆ ನದಿ ಸಮುದ್ರ ಸೇರುವಲ್ಲಿರುವ ಚಿದಾಂಗ್ ಪ್ರದೇಶದಲ್ಲಿ ಲಿವರ್ ಕ್ಯಾನ್ಸರ್ ಬಹಳ. ಮನೆಮನೆಯಲ್ಲಿ ವೈರಸ್, ಜೊತೆಗೆ ಬೂಸ್ಟು ಹಿಡಿದ ಮೆಕ್ಕೆಜೋಳದಲ್ಲಿನ ಅಫ್ಲಟಾಕ್ಸಿನ್ ವಿಷ. 1970ರ ದಶಕದಲ್ಲಿ ಅಲ್ಲಿ ಸಾವಿರಾರು ಜನರ ಎಎಫ್‌ಪಿ ನೋಡುವ ಕೆಲಸ ನಡೆಯಿತು. ಲಕ್ಷಣವೇ ಇಲ್ಲದವರಲ್ಲಿ ಚಿಕ್ಕ ಗಡ್ಡೆಗಳು ಸಿಕ್ಕವು. ಶಾಂಘೈಯ ಶಸ್ತ್ರವೈದ್ಯ ತಾಂಗ್ ಝಾವೋಯೌ ಅಂಥ ಚಿಕ್ಕ ಗಡ್ಡೆಗಳನ್ನು ಕತ್ತರಿಸಿ ತೆಗೆದು ಹೆಸರಾದರು.

ಚಿಕ್ಕದರಲ್ಲೇ ಸಿಕ್ಕವರು ಹೆಚ್ಚು ವರ್ಷ ಬದುಕಿದರು, ನಿಜ. ಆದರೆ ಅದರಲ್ಲಿ ಒಂದು ಮೋಸವಿದೆ. ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ಮುಂಬೈಯಲ್ಲಿ ಹತ್ತಿದವನು ಪುಣೆಯಲ್ಲಿ ಹತ್ತಿದವನಿಗಿಂತ ಹೆಚ್ಚು ಹೊತ್ತು ರೈಲಿನಲ್ಲಿ ಕೂತಿರುತ್ತಾನೆ. ಬೆಂಗಳೂರಿಗೆ ಮಾತ್ರ ಇಬ್ಬರೂ ಇಳಿಯುವುದು ಒಂದೇ ಹೊತ್ತಿಗೆ. ರೋಗವನ್ನು ಬೇಗ ಕಂಡುಹಿಡಿದರೆ 'ಕಂಡುಹಿಡಿದ ಮೇಲೆ ಬದುಕಿದ ವರ್ಷ' ತನ್ನಷ್ಟಕ್ಕೇ ಹೆಚ್ಚಾಗಿ ಕಾಣುತ್ತದೆ. ಸಾವು ನಿಜವಾಗಿ ಮುಂದಕ್ಕೆ ಹೋಯಿತೇ ಎಂದು ತಿಳಿಯಲು ನೋಡಿದವರನ್ನೂ ನೋಡದವರನ್ನೂ ಎರಡು ಗುಂಪು ಮಾಡಿ ಸಾವುಗಳನ್ನೇ ಎಣಿಸಬೇಕು.

ಶಾಂಘೈಯಲ್ಲಿ ಅದನ್ನೂ ಮಾಡಿದರು. 1990ರ ದಶಕದಲ್ಲಿ, ಹೆಪಟೈಟಿಸ್ ಬಿ ಇದ್ದ ಅಥವಾ ದೀರ್ಘಕಾಲದ ಹೆಪಟೈಟಿಸ್ ಆಗಿದ್ದ, 35ರಿಂದ 59 ವರ್ಷದ 18,816 ಮಂದಿ. ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಎಎಫ್‌ಪಿ ಮತ್ತು ಅಲ್ಟ್ರಾಸೌಂಡ್, ಇನ್ನೊಂದಕ್ಕೆ ಎಂದಿನ ಹಾಗೆ. 2004ರಲ್ಲಿ ಬಂದ ಫಲಿತಾಂಶ: ನೋಡುತ್ತಿದ್ದ ಗುಂಪಿನಲ್ಲಿ ಲಿವರ್ ಕ್ಯಾನ್ಸರ್ ಸಾವಿನ ಪ್ರಮಾಣ ಶೇ 37ರಷ್ಟು ಕಡಿಮೆ. ಆ ಪ್ರಯೋಗದ ವಿನ್ಯಾಸದ ಬಗ್ಗೆ ತಜ್ಞರ ತಕರಾರುಗಳಿವೆ. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ಅಂದುಕೊಂಡ ತಪಾಸಣೆಗಳಲ್ಲಿ ನಡೆದದ್ದು ಶೇ 58 ಮಾತ್ರ. ಹತ್ತರಲ್ಲಿ ನಾಲ್ಕು ಸಲ ಜನ ಬರಲೇ ಇಲ್ಲ. ಹಾಗಿದ್ದೂ ಅಷ್ಟು ಜೀವ ಉಳಿಯಿತು.

ಆರು ತಿಂಗಳು ಎಂಬುದು ಪಂಚಾಂಗ ನೋಡಿ ಇಟ್ಟ ಲೆಕ್ಕವಲ್ಲ. ಗಡ್ಡೆ ಇಮ್ಮಡಿಯಾಗಲು ಹಿಡಿಯುವ ಸಮಯ ಸರಾಸರಿ ನಾಲ್ಕಾರು ತಿಂಗಳು ಎಂಬ ಅಂದಾಜಿನಿಂದ ಬಂದದ್ದು. ಫ್ರಾನ್ಸಿನಲ್ಲಿ 1,278 ಸಿರೋಸಿಸ್ ರೋಗಿಗಳ ಮೇಲೆ ಮೂರು ತಿಂಗಳಿಗೊಮ್ಮೆ ನೋಡಿದರೆ ಇನ್ನೂ ಲಾಭವೇ ಎಂದು ಪರೀಕ್ಷಿಸಿದರು. ಇನ್ನಷ್ಟು ಗಂಟುಗಳು ಕಂಡವು, ಆದರೆ ಹೆಚ್ಚು ಜನ ಬದುಕಲಿಲ್ಲ.

ಬೇಗ ಸಿಕ್ಕರೆ ಏನು ಮಾಡಬಹುದು ಎಂಬುದಕ್ಕೂ ಅಷ್ಟರಲ್ಲಿ ಉತ್ತರ ಬಂದಿತ್ತು. 1996ರಲ್ಲಿ ಇಟಲಿಯ ಮಿಲಾನಿನ ವಿನ್ಸೆಂಜೊ ಮಜ್ಜಾಫೆರೊ ಮತ್ತು ಸಂಗಡಿಗರು, ಸಿರೋಸಿಸ್ ಇದ್ದು ಚಿಕ್ಕ ಗಡ್ಡೆಯೂ ಇದ್ದ 48 ಮಂದಿಗೆ ಲಿವರ್ ಕಸಿ ಮಾಡಿದ ಫಲಿತಾಂಶ ಪ್ರಕಟಿಸಿದರು. ಒಂದೇ ಗಡ್ಡೆಯಾದರೆ 5 ಸೆಂಟಿಮೀಟರ್ ಒಳಗೆ, ಎರಡು ಮೂರಿದ್ದರೆ ಪ್ರತಿಯೊಂದೂ 3 ಸೆಂಟಿಮೀಟರ್ ಒಳಗೆ. ನಾಲ್ಕು ವರ್ಷದ ನಂತರ ನೂರಕ್ಕೆ 75ರ ಲೆಕ್ಕದಲ್ಲಿ ಬದುಕಿದ್ದರು. ಅಂದಿನಿಂದ ಈ 5 ಮತ್ತು 3 ಜಗತ್ತಿನ ಕಸಿ ಆಸ್ಪತ್ರೆಗಳ ಗಡಿಗೆರೆಯಾಯಿತು. ಗೆರೆಯ ಈಚೆಗೆ ಸಿಕ್ಕವನಿಗೆ ದಾರಿಗಳಿವೆ. ಆಚೆಗೆ ದಾಟಿದವನಿಗೆ ಒಂದೊಂದೇ ಬಾಗಿಲು ಮುಚ್ಚುತ್ತದೆ.

ಕಾಂತ ಬಂದ ದಾರಿ

ಇನ್ನು ಯಂತ್ರ. ಅಲ್ಟ್ರಾಸೌಂಡ್ ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಅಪಾಯವಿಲ್ಲ. ಆದರೆ ಸಿರೋಸಿಸ್ ಆದ ಲಿವರ್ ಮೊದಲೇ ಗಂಟುಗಂಟು. ಅದರಲ್ಲಿ ಒಂದು ಸೆಂಟಿಮೀಟರಿನ ಹೊಸ ಗಂಟನ್ನು ಗುರುತಿಸುವುದೆಂದರೆ ಜಲ್ಲಿಯ ರಾಶಿಯಲ್ಲಿ ಒಂದು ಕಲ್ಲನ್ನು ಹುಡುಕಿದ ಹಾಗೆ. ಹೊಟ್ಟೆಯ ಕೊಬ್ಬು, ಕರುಳಿನ ಗಾಳಿ ಅಡ್ಡ ಬರುತ್ತವೆ. ನೋಡುವವರ ಕೈ ಪಳಗಿರಬೇಕು.

ಎಂಆರ್‌ಐಯ ಬೇರು 1946ರಲ್ಲಿದೆ. ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳು ರೇಡಿಯೋ ಅಲೆಗೆ ಮಾರ್ದನಿಸುತ್ತವೆ ಎಂದು ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆಬೇರೆಯಾಗಿ ತೋರಿಸಿದರು. 1952ರಲ್ಲಿ ಇಬ್ಬರಿಗೂ ನೊಬೆಲ್. ಬೆಂಗಳೂರಿಗೂ ಇದರಲ್ಲಿ ಒಂದು ಪಾಲಿದೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲೇ, ಹರಿಯುವ ದ್ರವದಲ್ಲಿ ಈ ಮಾರ್ದನಿ ಹೇಗೆ ಬದಲಾಗುತ್ತದೆ ಎಂದು ಅಳೆದು ಪ್ರಕಟಿಸಿದ್ದರು. ಹರಿಯುವ ರಕ್ತವನ್ನು ಎಂಆರ್‌ಐಯಲ್ಲಿ ಅಳೆಯುವವರು ತಮ್ಮ ಇತಿಹಾಸವನ್ನು ಬರೆಯುವಾಗ ಆ ಲೇಖನದಿಂದ ಶುರು ಮಾಡುವುದುಂಟು.

1971ರಲ್ಲಿ ನ್ಯೂಯಾರ್ಕಿನ ರೇಮಂಡ್ ಡಮೇಡಿಯನ್, ಗಡ್ಡೆಯ ಅಂಗಾಂಶದ ಮಾರ್ದನಿ ಅಡಗಲು ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ಅವರು ಅಳೆದ ಎರಡು ಬಗೆಯ ಗಡ್ಡೆಗಳಲ್ಲಿ ಒಂದು ಲಿವರಿನದು. ಇದನ್ನು ಓದಿದಾಗ ರಾತ್ರಿ ಎರಡು ಗಂಟೆ; ಎದ್ದು ನೀರು ಕುಡಿದು ಬಂದೆ. ಎರಡು ವರ್ಷದ ಮೇಲೆ ಪಾಲ್ ಲಾಟರ್‌ಬರ್ ಎರಡು ಸಣ್ಣ ನೀರಿನ ಕೊಳವೆಗಳ ಚಿತ್ರ ತೆಗೆದು ಮಾರ್ದನಿಯಿಂದ ಚಿತ್ರ ಮಾಡಬಹುದೆಂದು ತೋರಿಸಿದರು. ಆ ಲೇಖನವನ್ನು ಪತ್ರಿಕೆ ಮೊದಲು ತಿರಸ್ಕರಿಸಿತ್ತು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರ ತೆಗೆಯುವ ವೇಗಕ್ಕೆ ಗಣಿತ ಒದಗಿಸಿದರು. 2003ರ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಬಂತು; ತಮ್ಮನ್ನು ಬಿಟ್ಟರೆಂದು ಡಮೇಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು.

1977ರಲ್ಲಿ ಡಮೇಡಿಯನ್ ತಂಡ ತೆಗೆದ ಮನುಷ್ಯದೇಹದ ಮೊದಲ ಸ್ಕ್ಯಾನಿಗೆ ಐದು ಗಂಟೆಯ ಹತ್ತಿರ ಹಿಡಿದಿತ್ತು. ಮಿದುಳು ಅಲ್ಲಾಡದೆ ಇರುತ್ತದೆ, ಲಿವರ್ ಹಾಗಲ್ಲ. ಪ್ರತಿ ಉಸಿರಿಗೂ ವಪೆಯ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಆದ್ದರಿಂದ ಎಂಆರ್‌ಐ ಮೊದಲು ಮಿದುಳಿನ ಯಂತ್ರವಾಯಿತು. 1985ರ ಹೊತ್ತಿಗೆ ಜರ್ಮನಿಯ ಗಾಟಿಂಗನ್‌ನಲ್ಲಿ ಯೆನ್ಸ್ ಫ್ರಾಮ್, ಆಕ್ಸೆಲ್ ಹಾಸ ಮೊದಲಾದವರು ನಿಮಿಷಗಳ ಕೆಲಸವನ್ನು ಸೆಕೆಂಡುಗಳಿಗೆ ಇಳಿಸುವ ವಿಧಾನ ಕಂಡುಕೊಂಡ ಮೇಲೆಯೇ, ಒಂದು ಸಲ ಉಸಿರು ತಡೆಯುವಷ್ಟರಲ್ಲಿ ಲಿವರಿನ ಚಿತ್ರ ತೆಗೆಯಲು ದಾರಿಯಾಯಿತು. ಹೆಡ್‌ಫೋನಿನ ಆ ಹೆಣ್ಣುದನಿಯ ಹಿಂದೆ ಇಷ್ಟು ಕಥೆಯಿದೆ.

ಎರಡು ಕಾಲುವೆಯ ಗದ್ದೆ

ಲಿವರಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯಿಂದ, ಕಾಲು ಪಾಲು ಹೃದಯದ ಕಡೆಯ ಅಪಧಮನಿಯಿಂದ. ಎರಡು ಕಾಲುವೆಯ ಗದ್ದೆ ಇದ್ದಂತೆ. ಕ್ಯಾನ್ಸರ್ ಗಡ್ಡೆ ಮಾತ್ರ ಬೆಳೆಯುತ್ತಾ ಅಪಧಮನಿಯ ನೀರನ್ನೇ ತನ್ನ ಕಡೆ ತಿರುಗಿಸಿಕೊಳ್ಳುತ್ತದೆ.

ಗ್ಯಾಡೋಲಿನಿಯಂ ಎಂಬ ಲೋಹವನ್ನು ಸುರಕ್ಷಿತ ಅಣುವೊಂದರಲ್ಲಿ ಕಟ್ಟಿ ರಕ್ತಕ್ಕೆ ಬಿಟ್ಟರೆ ಅದು ಹೋದಲ್ಲೆಲ್ಲ ಚಿತ್ರ ಬೆಳ್ಳಗಾಗುತ್ತದೆ. ಇಂಥ ಮೊದಲ ಔಷಧಿಗೆ 1988ರಲ್ಲಿ ಅನುಮತಿ ಸಿಕ್ಕಿತು. ಚುಚ್ಚಿದ ಅರ್ಧ ನಿಮಿಷದ ಆಸುಪಾಸಿನಲ್ಲಿ ಅಪಧಮನಿಯ ರಕ್ತ ಬಂದಾಗ ಗಡ್ಡೆ ಹೊಳೆಯುತ್ತದೆ, ಸುತ್ತಲ ಲಿವರ್ ಇನ್ನೂ ಮಂಕಾಗಿರುತ್ತದೆ. ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಉಲ್ಟಾ: ಲಿವರ್ ಹೊಳೆಯುತ್ತದೆ, ಗಡ್ಡೆ ಕಪ್ಪಾಗುತ್ತದೆ. 2004ರಲ್ಲಿ ಯುರೋಪಿನಲ್ಲಿ, 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗ್ಯಾಡೊಕ್ಸೆಟಿಕ್ ಆಮ್ಲ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಸುಮಾರು ಅರ್ಧವನ್ನು ಆರೋಗ್ಯವಂತ ಲಿವರಿನ ಜೀವಕೋಶಗಳು ಒಳಗೆಳೆದುಕೊಳ್ಳುತ್ತವೆ. ಇಪ್ಪತ್ತು ನಿಮಿಷದ ಹೊತ್ತಿಗೆ ಇಡೀ ಲಿವರ್ ಬೆಳಗುತ್ತದೆ. ತನ್ನ ಕೆಲಸ ಮರೆತ ಕ್ಯಾನ್ಸರ್ ಜೀವಕೋಶಗಳಿರುವ ಜಾಗ ಸಾಮಾನ್ಯವಾಗಿ ಕತ್ತಲೆಯಾಗಿ ಉಳಿಯುತ್ತದೆ.

ಈ ಹೊಳೆದು ಕಪ್ಪಾಗುವ ಗುರುತು ಎಷ್ಟು ಖಚಿತವೆಂದರೆ, ಸೂಜಿ ಚುಚ್ಚಿ ಬಯಾಪ್ಸಿ ಮಾಡದೆ ಚಿತ್ರದಿಂದಲೇ ಲಿವರ್ ಕ್ಯಾನ್ಸರ್ ಎಂದು ತೀರ್ಮಾನಿಸಲು ವೈದ್ಯಲೋಕ ಒಪ್ಪಿಕೊಂಡಿದೆ. ಇದಕ್ಕಾಗಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ 2011ರಲ್ಲಿ ಲೈ-ರ್ಯಾಡ್ಸ್ ಎಂಬ ಅಳತೆಗೋಲನ್ನು ಹೊರತಂದಿತು. 1 ಎಂದರೆ ಖಂಡಿತ ನಿರಪಾಯ, 5 ಎಂದರೆ ಖಂಡಿತ ಕ್ಯಾನ್ಸರ್.

ಇಲ್ಲಿ ನಾನು ನಿಂತುಬಿಟ್ಟೆ. ಆ ಅಳತೆಗೋಲಿಗೆ ಒಂದು ಷರತ್ತಿದೆ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವಂಥ, ಹೆಚ್ಚು ಅಪಾಯದ ಪಟ್ಟಿಯಲ್ಲಿರುವವರಿಗೆ ಮಾತ್ರ ಅದನ್ನು ಬಳಸಬೇಕು. ಪಟ್ಟಿಯಲ್ಲಿಲ್ಲದವನ ಲಿವರಿನಲ್ಲಿ ಅದೇ ಗುರುತು ಕಂಡರೂ ಅದು ಬೇರೇನೋ ಆಗಿರುವ ಸಾಧ್ಯತೆ ಹೆಚ್ಚು. ಕೋಟಿಗಟ್ಟಲೆ ರೂಪಾಯಿಯ ಯಂತ್ರ ತೆಗೆದ ಚಿತ್ರಕ್ಕೆ ಅರ್ಥ ಬರುವುದು ಬೀಸ್ಲಿ ಮಾಡಿದಂಥ ಒಂದು ಪಟ್ಟಿಯಿಂದ, ಫಾರ್ಮಿನಲ್ಲಿ ನಾನು ಬರೆದ 'ಇದೆ' ಎಂಬ ಎರಡಕ್ಷರದಿಂದ.

ಸಿಯೋಲಿನ 407 ಮಂದಿ

ಹಾಗಾದರೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬದಲು ಎಂಆರ್‌ಐಯನ್ನೇ ಮಾಡಿದರೆ? ದಕ್ಷಿಣ ಕೊರಿಯಾದ ಸಿಯೋಲಿನ ವೈದ್ಯರು ಇದನ್ನು ನೇರವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಸಿರೋಸಿಸ್ ಇದ್ದು, ವರ್ಷಕ್ಕೆ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಹೆಚ್ಚು ಎಂದು ಲೆಕ್ಕ ಹಾಕಿದ 407 ಮಂದಿಯನ್ನು. ಆರು ತಿಂಗಳಿಗೊಮ್ಮೆ, ಮೂರು ಸುತ್ತು, ಪ್ರತಿಯೊಬ್ಬರಿಗೂ ಎರಡೂ ಪರೀಕ್ಷೆ.

43 ಮಂದಿಯಲ್ಲಿ ಕ್ಯಾನ್ಸರ್ ಇತ್ತು. ಎರಡೂ ಪರೀಕ್ಷೆಯಲ್ಲಿ ಕಂಡದ್ದು 11. ಅಲ್ಟ್ರಾಸೌಂಡಿನಲ್ಲಿ ಮಾತ್ರ ಕಂಡದ್ದು 1. ಎಂಆರ್‌ಐಯಲ್ಲಿ ಮಾತ್ರ ಕಂಡದ್ದು 26. ಎರಡರಲ್ಲೂ ತಪ್ಪಿಸಿಕೊಂಡದ್ದು 5. ಅಂದರೆ ಎಂಆರ್‌ಐ ನೂರಕ್ಕೆ 86ನ್ನು ಹಿಡಿಯಿತು, ಅಲ್ಟ್ರಾಸೌಂಡ್ 28ನ್ನು. ಸುಳ್ಳು ಎಚ್ಚರಿಕೆಯೂ ಎಂಆರ್‌ಐಯಲ್ಲೇ ಕಡಿಮೆ: ಶೇ 3, ಅಲ್ಟ್ರಾಸೌಂಡಿನಲ್ಲಿ ಶೇ 5.6. ಸಿಕ್ಕ ಗಡ್ಡೆಗಳಲ್ಲಿ ಮುಕ್ಕಾಲು ಪಾಲು 2 ಸೆಂಟಿಮೀಟರಿಗಿಂತ ಚಿಕ್ಕವು, ಒಂಟಿಯಾದವು.

ಈ ಅಂಕಿಗಳನ್ನು ನೋಡಿ ಎಲ್ಲರಿಗೂ ಎಂಆರ್‌ಐ ಮಾಡಿಸಿಬಿಡೋಣ ಅನ್ನಿಸುವುದು ಸಹಜ, ನನಗೂ ಅನ್ನಿಸಿತು. ಆದರೆ ರೈಲಿನ ಲೆಕ್ಕ ಇನ್ನೂ ಬಾಕಿಯಿದೆ. ಸಿಯೋಲಿನಲ್ಲಿ ಅಳೆದದ್ದು ಎಷ್ಟು ಗಡ್ಡೆ ಸಿಕ್ಕಿತು ಎಂಬುದನ್ನು, ಎಷ್ಟು ಸಾವು ತಪ್ಪಿತು ಎಂಬುದನ್ನಲ್ಲ. ಎರಡನೆಯದಾಗಿ, ಆ 407 ಮಂದಿ ಹತ್ತರಲ್ಲಿ ಒಬ್ಬರಿಗೆ ಒಂದೂವರೆ ವರ್ಷದಲ್ಲಿ ಕ್ಯಾನ್ಸರ್ ಬಂದಂಥ ಗುಂಪು. ಅಪಾಯ ಕಡಿಮೆ ಇರುವವರಲ್ಲಿ ಅದೇ ಯಂತ್ರ ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಸಿಗುವ ಪ್ರತಿ ಗಡ್ಡೆಗೂ ಎಷ್ಟೋ ಜನ ವೃಥಾ ಮೂರು ರಾತ್ರಿ ನಿದ್ದೆಗೆಡಬೇಕಾಗುತ್ತದೆ. ಮೂರನೆಯದು ಖರ್ಚು ಮತ್ತು ಹೊತ್ತು. ಮುಕ್ಕಾಲು ಗಂಟೆಯನ್ನು ಹತ್ತು ಹದಿನೈದು ನಿಮಿಷಕ್ಕೆ ಇಳಿಸುವ, ಬೇಕಾದ ಚಿತ್ರಗಳನ್ನಷ್ಟೇ ತೆಗೆಯುವ ಸಂಕ್ಷಿಪ್ತ ಎಂಆರ್‌ಐ ಮೇಲೆ ಹಲವು ದೇಶಗಳಲ್ಲಿ ಕೆಲಸ ನಡೆದಿದೆ. ಅಲ್ಲಿಯವರೆಗೆ ವಾಡಿಕೆಯ ಸಲಹೆ ಹಳೆಯದೇ: ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ; ಅನುಮಾನ ಬಂದರೆ, ಅಥವಾ ಅಲ್ಟ್ರಾಸೌಂಡಿನಲ್ಲಿ ಲಿವರ್ ಸರಿಯಾಗಿ ಕಾಣದಿದ್ದರೆ ಸಿಟಿ ಅಥವಾ ಎಂಆರ್‌ಐ.

ಡ್ರಾಯರಿನಲ್ಲಿದ್ದ ಕಾಗದ

ಮೂರನೆಯ ದಿನ ವರದಿ ಬಂತು. ನನ್ನ ಚುಕ್ಕೆ ಹಿಮ್ಯಾಂಜಿಯೋಮಾ, ರಕ್ತನಾಳಗಳ ಒಂದು ಗಂಟು, ಏನೂ ಮಾಡದು. ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. ನಾನು ಅಣ್ಣನ ಫೋಟೋ ನೋಡುತ್ತಾ ಕೂತೆ.

ನನಗೆ ಹೆಪಟೈಟಿಸ್ ಬಿ ಇದೆ ಎಂದು ತಿಳಿದದ್ದು ಹದಿನೈದು ವರ್ಷದ ಹಿಂದೆ, ಆಫೀಸಿನ ರಕ್ತದಾನ ಶಿಬಿರದ ನಂತರ. ಡಾಕ್ಟರು ಎರಡು ಮಾತು ಹೇಳಿದ್ದರು. ಒಂದು, ಆರು ತಿಂಗಳಿಗೊಮ್ಮೆ ಬನ್ನಿ. ಎರಡು, ನಿಮ್ಮ ಅಮ್ಮ, ಅಕ್ಕ, ಅಣ್ಣ ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮೊದಲನೆಯದನ್ನು ಚಾಚೂ ತಪ್ಪದೆ ಮಾಡಿದೆ. ಎರಡನೆಯದನ್ನು ಮಾಡಲಿಲ್ಲ. ಹೆಂಡತಿಗೆ ಹೇಳಿದೆ, ಅವಳಿಗೂ ಮಕ್ಕಳಿಗೂ ಲಸಿಕೆ ಆಯಿತು. ದಾವಣಗೆರೆಗೆ ಫೋನ್ ಮಾಡಲು ಬಾಯಿ ಬರಲಿಲ್ಲ. ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಅಮ್ಮನಿಂದ ಬಂದಿರಬಹುದು ಎಂದು ಹೇಗೆ ಹೇಳುವುದು? ಜೊತೆಗೆ ನಾಚಿಕೆ. ಕಾಯಿಲೆಯ ಹೆಸರು ಕೇಳಿದರೆ ತಟ್ಟೆ ಲೋಟ ಬೇರೆ ಇಡುವ ಜನರಿದ್ದಾರೆ. ಒಟ್ಟಿಗೆ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ. ಈ ಯುಗಾದಿಗೆ ಊರಿಗೆ ಹೋದಾಗ ಹೇಳೋಣ, ದೀಪಾವಳಿಗೆ ಹೇಳೋಣ ಎಂದು ಮುಂದೂಡಿದೆ. ರಕ್ತನಿಧಿಯ ಕಾಗದ ಡ್ರಾಯರಿನಲ್ಲೇ ಇತ್ತು.

ಅಣ್ಣನದು ಗೊಬ್ಬರದ ಅಂಗಡಿ. ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ. ಮೂರು ವರ್ಷದ ಹಿಂದೆ ಪಕ್ಕೆಯ ಕೆಳಗೆ ನೋವೆಂದು ಹೋದಾಗ ಸ್ಕ್ಯಾನಿನಲ್ಲಿ ಕಂಡದ್ದು 9 ಸೆಂಟಿಮೀಟರಿನ ಗಡ್ಡೆ; ಅದು ಪೋರ್ಟಲ್ ಅಭಿಧಮನಿಯೊಳಕ್ಕೂ ಇಳಿದಿತ್ತು. ನಾಲ್ಕು ತಿಂಗಳು. ಅಮ್ಮನ ರಕ್ತ ನೋಡಿದ್ದು ಆಮೇಲೆ. ಫಲಿತಾಂಶ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ನನ್ನಿಂದ ಬಂತೇನಪ್ಪಾ?" ಯಾರಿಂದಲೂ ಅಲ್ಲಮ್ಮಾ, ಅಂದೆ. ಅಮ್ಮನ ಮಟ್ಟಿಗೆ ಅದು ನಿಜವೇ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು.

ಅಣ್ಣನಿಗೆ ಬೇಕಿದ್ದದ್ದು ಎಂಆರ್‌ಐ ಅಲ್ಲ. ಮೊದಲು ಕೆಲವು ನೂರು ರೂಪಾಯಿಯ ಒಂದು ರಕ್ತಪರೀಕ್ಷೆ, ಆಮೇಲೆ ಆರು ತಿಂಗಳಿಗೊಮ್ಮೆ ದಾವಣಗೆರೆಯಲ್ಲೇ ಸಿಗುವ ಅಲ್ಟ್ರಾಸೌಂಡ್. ಅದರಿಂದ ಉಳಿಯುತ್ತಿದ್ದನೇ ಎಂದು ಹೇಳಲಾರೆ. ನೋಡುವ ಅವಕಾಶವಾದರೂ ಇರುತ್ತಿತ್ತು. ಒಂದೇ ತಾಯಿಯ ಮಕ್ಕಳು ನಾವು. ನಾನು ಪಟ್ಟಿಯಲ್ಲಿದ್ದೆ, ಅವನು ಇರಲಿಲ್ಲ.

ನಮ್ಮ ದೇಶದಲ್ಲಿ ಹೀಗೆ ಪಟ್ಟಿಯ ಹೊರಗಿರುವವರು ಕಡಿಮೆಯಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲಿಯೇ ತಯಾರಿಸಿದ ಹೆಪಟೈಟಿಸ್ ಬಿ ಲಸಿಕೆಯನ್ನು 1997ರಲ್ಲಿ ಮಾರುಕಟ್ಟೆಗೆ ತಂದು ಬೆಲೆ ಇಳಿಯುವಂತೆ ಮಾಡಿತು. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದು 2002ರ ಹೊತ್ತಿಗೆ ಕೆಲವೆಡೆ ಶುರುವಾಗಿ, ದೇಶದ ಎಲ್ಲ ಕೂಸುಗಳಿಗೂ ಎಂದಾದದ್ದು 2011ರ ಸುಮಾರಿಗೆ. ಇದನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಹುಟ್ಟಿದವರು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. 2021ರಲ್ಲಿ ಫ್ಯಾಟಿ ಲಿವರನ್ನೂ ಸರ್ಕಾರ ಸಾಂಕ್ರಾಮಿಕವಲ್ಲದ ರೋಗಗಳ ತನ್ನ ಕಾರ್ಯಕ್ರಮಕ್ಕೆ ಸೇರಿಸಿತು. ದಾರಿಗಳಿವೆ, ಅಲ್ಲಿಗೆ ಹೋಗಬೇಕಾದವರಿಗೆ ತಾವು ಹೋಗಬೇಕು ಎಂಬುದೇ ಗೊತ್ತಿಲ್ಲ.

ಅಕ್ಕನ ರಕ್ತದಲ್ಲೂ ವೈರಸ್ ಇದೆ. ಲಿವರ್ ಸದ್ಯಕ್ಕೆ ಚೆನ್ನಾಗಿದೆ. ಅವಳ ತಪಾಸಣೆಯ ದಿನ ನನ್ನ ಆಫೀಸಿನ ಕ್ಯಾಲೆಂಡರಿನಲ್ಲಿದೆ. ಹಿಂದಿನ ದಿನ ಸಂಜೆ ಫೋನ್ ಮಾಡುತ್ತೇನೆ. "ನೆನಪಿದೆ ಕಣೋ, ಹೋಗ್ತೀನಿ" ಎಂದು ಬೈಯುತ್ತಾಳೆ. ಮರುದಿನ ಹೋಗಿ ಬಂದೆಯಾ ಎಂದು ಕೇಳಲು ಮತ್ತೆ ಮಾಡುತ್ತೇನೆ.

ರಕ್ತದಾನ ಮಾಡಿದ ಮೇಲೆ ಬಂದ ಅಂಥ ಕಾಗದವೊಂದು ನಿಮ್ಮ ಡ್ರಾಯರಿನಲ್ಲೂ ಇದ್ದರೆ, ಯುಗಾದಿಯವರೆಗೆ ಕಾಯಬೇಡಿ. ಇವತ್ತೇ ಊರಿಗೆ ಫೋನ್ ಮಾಡಿ.